ಟ್ರ್ಯಾಕಿಂಗ್ ಆ್ಯಪ್ ಹಾಕಿಸಬೇಕೆ, ಫೋನಿನಲ್ಲಿ ಇರುವುದೇ ಸಾಕೆ?

ಪ್ರಶ್ನೆ: ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮ ಮಾವನವರಿಗೆ 74 ವರ್ಷ. ಹೋದ ತಿಂಗಳು ಹರಿಹರದಿಂದ ಬರುವಾಗ ಬಸ್ಸಿನಲ್ಲಿ ಅವರ ಆಂಡ್ರಾಯ್ಡ್ ಫೋನ್ ಕಳೆದುಹೋಯಿತು. ಮೊದಲ ಅರ್ಧ ಗಂಟೆ ರಿಂಗ್ ಆಗುತ್ತಿತ್ತು, ಯಾರೂ ಎತ್ತಲಿಲ್ಲ. ಆಮೇಲೆ ಸ್ವಿಚ್ ಆಫ್. ಗೂಗಲ್‌ನಲ್ಲಿ ಹುಡುಕಬಹುದು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಆದರೆ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ; ಜಿಮೇಲ್ ಖಾತೆ ಮಾಡಿಕೊಟ್ಟವನು ಫೋನ್ ಅಂಗಡಿಯ ಹುಡುಗ. ಗಾಬರಿಯಲ್ಲಿ ‘ನಂಬರ್ ಹಾಕಿ, ಲೊಕೇಶನ್ ನೋಡಿ’ ಎಂಬ ವೆಬ್‌ಸೈಟಿಗೆ 199 ರೂಪಾಯಿ ಕಟ್ಟಿದೆ. ಅದು ‘ಕರ್ನಾಟಕ’ ಎಂದು ತೋರಿಸಿ ಸುಮ್ಮನಾಯಿತು.

ಈಗ ಮಾವನವರಿಗೆ ಹೊಸ ಫೋನ್ ಕೊಡಿಸಿದ್ದೇವೆ. ಟ್ರ್ಯಾಕಿಂಗ್ ಆ್ಯಪ್ ಒಂದನ್ನು ಹಾಕಿಕೊಡುತ್ತೇನೆ, ವರ್ಷಕ್ಕೆ ಇಷ್ಟು ಎಂದು ಕಟ್ಟಿದರೆ ಎಲ್ಲಿದ್ದರೂ ತೋರಿಸುತ್ತದೆ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಇತ್ತೀಚೆಗೆ ಮಾವನವರಿಗೆ ಒಮ್ಮೊಮ್ಮೆ ಮನೆಯ ದಾರಿಯೂ ಮರೆಯುತ್ತದೆ, ಹಾಗಾಗಿ ಆಸೆಯಾಗುತ್ತಿದೆ. ನಮ್ಮ ಮಗಳಿಗೆ 19 ವರ್ಷ, ಮೈಸೂರಿನ ಹಾಸ್ಟೆಲ್‌ನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ಫೋನಿಗೂ ಗೊತ್ತಾಗದಂತೆ ಅದನ್ನೇ ಹಾಕಿಸಿಬಿಡೋಣ ಎನ್ನುವುದು ನಮ್ಮ ಮನೆಯವರ ವಾದ. ಫೋನಿನಲ್ಲೇ ಇರುವ ಸೌಲಭ್ಯ ಸಾಲದೆ? ಆ್ಯಪ್ ಹಾಕಿದರೆ ಬ್ಯಾಟರಿ ಬೇಗ ಖಾಲಿಯಾಗುವುದಿಲ್ಲವೆ? ನಮ್ಮ ಮಾಹಿತಿ ಬೇರೆಯವರ ಕೈಗೆ ಹೋಗುವ ಭಯವಿದೆಯೆ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಕಳೆದುಹೋದ ವಸ್ತುವನ್ನು ಹುಡುಕುವುದು ಒಂದು. ದಾರಿ ತಪ್ಪಬಹುದಾದ ಹಿರಿಯರ ಮೇಲೆ ನಿಗಾ ಇಡುವುದು ಇನ್ನೊಂದು. ವಯಸ್ಸಿಗೆ ಬಂದ ಮಗಳು ಎಲ್ಲಿದ್ದಾಳೆಂದು ತಿಳಿಯಬಯಸುವುದು ಮೂರನೆಯದು. ಅಂಗಡಿಯವರು ಮೂರಕ್ಕೂ ಒಂದೇ ಆ್ಯಪ್ ಮಾರುತ್ತಿದ್ದಾರೆ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಫೋನ್ ರಿಪೇರಿಯ ಮೇಜಿನ ಹಿಂದೆ ಕುಳಿತವನಾಗಿ ಹೇಳುತ್ತೇನೆ, ಮೊದಲನೆಯ ಕೆಲಸಕ್ಕೆ ಆ ಆ್ಯಪ್ ಬೇಕಿಲ್ಲ, ಎರಡನೆಯದಕ್ಕೆ ಅದು ಅರೆಬರೆ, ಮೂರನೆಯದಕ್ಕೆ ಅದು ಅಪಾಯ.

ಮೊದಲು ಆ 199 ರೂಪಾಯಿಯ ವಿಷಯ ಮುಗಿಸಿಬಿಡೋಣ. ಮೊಬೈಲ್ ನಂಬರ್ ಒಂದನ್ನೇ ಹಿಡಿದು ಫೋನ್ ಎಲ್ಲಿದೆ ಎಂದು ಹೇಳುವ ಶಕ್ತಿ ಯಾವ ವೆಬ್‌ಸೈಟಿಗೂ ಇಲ್ಲ. ಯಾವ ಟವರಿನ ವ್ಯಾಪ್ತಿಯಲ್ಲಿ ಯಾವ ಸಿಮ್ ಇದೆ ಎಂಬುದು ದೂರಸಂಪರ್ಕ ಕಂಪನಿಗೆ ಗೊತ್ತಿರುತ್ತದೆ. ಅದನ್ನು ಅವರಿಂದ ಕೇಳಿ ಪಡೆಯುವ ಅಧಿಕಾರ ಇರುವುದು ಪೊಲೀಸರಿಗೆ ಮತ್ತು ಕಾನೂನು ಒಪ್ಪಿದ ಬೇರೆ ಸಂಸ್ಥೆಗಳಿಗೆ, ಅದೂ ಕ್ರಮಬದ್ಧವಾಗಿ. ವೆಬ್‌ಸೈಟ್ ‘ಕರ್ನಾಟಕ’ ಎಂದದ್ದು ಹೇಗೆ? ನಂಬರಿನ ಮೊದಲ ಕೆಲವು ಅಂಕಿಗಳನ್ನು ಯಾವ ವಲಯಕ್ಕೆ ಹಂಚಲಾಗಿತ್ತು ಎಂಬ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಅದನ್ನು ನೋಡಿ ಹೇಳಿದೆ ಅಷ್ಟೆ. 2015ರ ಜುಲೈನಿಂದ ನಂಬರ್ ಬದಲಿಸದೆ ದೇಶದ ಯಾವ ವಲಯಕ್ಕಾದರೂ ಹೋಗಬಹುದಾದ್ದರಿಂದ ಆ ಪಟ್ಟಿಯೂ ಈಗ ಗಟ್ಟಿಯಲ್ಲ. ನೀವು ಹಣ ಕೊಟ್ಟು ಕೊಂಡದ್ದು ನಿಮಗೆ ಮೊದಲೇ ಗೊತ್ತಿದ್ದ ಸಂಗತಿಯನ್ನು. ಹೋದ ಹಣ ಹೋಗಲಿ. ಇಂದೇ ನಿಮ್ಮ ಯುಪಿಐ ಆ್ಯಪ್ ತೆರೆದು ‘ಆಟೊಪೇ’ ವಿಭಾಗದಲ್ಲಿ ಆ ಹೆಸರಿಗೆ ಪ್ರತಿ ತಿಂಗಳು ಹಣ ಕಡಿತವಾಗುವ ಒಪ್ಪಿಗೆ ಕುಳಿತಿದೆಯೇ ನೋಡಿ, ಇದ್ದರೆ ರದ್ದು ಮಾಡಿ. ಕಾರ್ಡಿನ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ಹೇಳಿ ಅದನ್ನು ತಡೆಹಿಡಿಸಿ. ನಿಮ್ಮ ಅರಿವಿಲ್ಲದೆ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಫೋನಿಗೆ ತಾನೆಲ್ಲಿದ್ದೇನೆಂದು ಗೊತ್ತಾಗುವ ಬಗೆಯನ್ನು ತಿಳಿದುಕೊಂಡರೆ ಉಳಿದದ್ದು ಸುಲಭ. ಉಪಗ್ರಹಗಳಿಂದ ಬರುವ ಸಂಕೇತವನ್ನು ಫೋನ್ ಕೇಳಿಸಿಕೊಂಡು ತನ್ನ ಜಾಗವನ್ನು ಲೆಕ್ಕ ಹಾಕುತ್ತದೆ. ಅದು ಕೇಳುತ್ತದೆಯೇ ಹೊರತು ಉಪಗ್ರಹಕ್ಕೆ ಏನನ್ನೂ ಹೇಳುವುದಿಲ್ಲ. ‘ಉಪಗ್ರಹದಿಂದ ಹಿಡಿಯುತ್ತೇವೆ’ ಎಂಬ ಮಾತು ಸಿನಿಮಾದ್ದು. ಬಯಲಿನಲ್ಲಿ ಈ ಲೆಕ್ಕ ಸುಮಾರು ಐದು ಮೀಟರಿನಷ್ಟು ನಿಖರ. ಆರ್‌ಸಿಸಿ ಮನೆಯೊಳಗೆ, ಬಸ್ಸಿನ ಸೀಟಿನ ಕೆಳಗೆ ಅಷ್ಟು ನಿಖರತೆ ಇರುವುದಿಲ್ಲ. ಆಗ ಸುತ್ತಲಿನ ವೈಫೈ ಹೆಸರುಗಳನ್ನು ನೋಡಿ ಅಂದಾಜು ಮಾಡುತ್ತದೆ. ಅದೂ ಇಲ್ಲದಿದ್ದರೆ ಟವರ್ ನೋಡಿ. ಆಗ ತಪ್ಪು ನೂರಾರು ಮೀಟರ್, ಹಳ್ಳಿಯ ಕಡೆ ಕಿಲೋಮೀಟರುಗಟ್ಟಲೆ. ಹೀಗೆ ಕಂಡುಕೊಂಡ ಜಾಗವನ್ನು ನಿಮಗೆ ತಿಳಿಸಬೇಕಾದರೆ ಫೋನಿಗೆ ಇಂಟರ್‌ನೆಟ್ ಬೇಕು. ಕಳ್ಳ ಸಿಮ್ ಕಿತ್ತ ಕ್ಷಣ ಆ ಬಾಯಿ ಕಟ್ಟಿತು.

ಇಲ್ಲಿಯೇ ಫೋನಿನೊಳಗಿನ ಸೌಲಭ್ಯಕ್ಕೂ ಅಂಗಡಿಯ ಆ್ಯಪಿಗೂ ಇರುವ ವ್ಯತ್ಯಾಸ ಗೊತ್ತಾಗುವುದು. ಆಂಡ್ರಾಯ್ಡ್‌ನಲ್ಲಿ ಇದು 2013ರಿಂದ ಇದೆ. ಬಹಳ ಕಾಲ ‘ಫೈಂಡ್ ಮೈ ಡಿವೈಸ್’ ಎನ್ನುತ್ತಿದ್ದರು, 2025ರಲ್ಲಿ ಗೂಗಲ್ ಇದಕ್ಕೆ ‘ಫೈಂಡ್ ಹಬ್’ ಎಂದು ಹೆಸರು ಬದಲಿಸಿತು. ಐಫೋನಿನಲ್ಲಿ ‘ಫೈಂಡ್ ಮೈ’. ಸ್ಯಾಮ್‌ಸಂಗ್ ಫೋನಾದರೆ ಗೂಗಲ್‌ನದರ ಜೊತೆಗೆ ಆ ಕಂಪನಿಯದೇ ಇನ್ನೊಂದು. ಮೊದಲು ಇವೂ ಇಂಟರ್‌ನೆಟ್ ಇದ್ದರೆ ಮಾತ್ರ ನಡೆಯುತ್ತಿದ್ದವು. ಆಪಲ್ 2019ರಲ್ಲಿ, ಗೂಗಲ್ 2024ರಲ್ಲಿ ಹೊಸದೊಂದು ದಾರಿ ತೆರೆದವು. ನಿಮ್ಮ ಫೋನಿಗೆ ಇಂಟರ್‌ನೆಟ್ ಇಲ್ಲದಿದ್ದರೂ ಅದು ಬ್ಲೂಟೂತಿನಲ್ಲಿ ಸಣ್ಣಗೆ ಕೂಗುತ್ತಿರುತ್ತದೆ. ಪಕ್ಕದಲ್ಲಿ ಹಾದುಹೋಗುವ ಅಪರಿಚಿತರ ಫೋನುಗಳು ಆ ಕೂಗನ್ನು ಕೇಳಿ, ಕೇಳಿದ ಜಾಗವನ್ನು ಗೂಢಲಿಪಿಯಲ್ಲಿ ಕಳುಹಿಸುತ್ತವೆ. ಅದನ್ನು ಬಿಡಿಸಿ ಓದುವ ಕೀಲಿ ನಿಮ್ಮ ಬಳಿ ಮಾತ್ರ. ಹಾದುಹೋದವರಿಗೆ ಏನೂ ತಿಳಿಯುವುದಿಲ್ಲ. ಜನ ಗಿಜಿಗುಡುವ ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಬಿದ್ದ ಫೋನಿನ ಕೂಗನ್ನು ಕೇಳುವವರು ಯಾರು? ಇನ್ನೊಂದು ತೊಡಕೂ ಇದೆ. ಗೂಗಲ್ ಇದನ್ನು ಮೊದಲಿನಿಂದಲೇ ‘ಜನದಟ್ಟಣೆಯ ಜಾಗಗಳಲ್ಲಿ ಮಾತ್ರ’ ಎಂದು ಇಟ್ಟಿರುತ್ತದೆ. ಒಂದಕ್ಕಿಂತ ಹೆಚ್ಚು ಫೋನುಗಳು ಕೂಗು ಕೇಳಿದರೆ ಮಾತ್ರ ಜಾಗ ಹೇಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಎಲ್ಲ ಜಾಗಗಳಲ್ಲೂ’ ಎಂದು ಬದಲಿಸಿಕೊಳ್ಳಬಹುದು. ಮಾವನವರ ಫೋನಿಗೆ ನೀವು ಬದಲಿಸಿಡಿ.

ಸ್ವಿಚ್ ಆಫ್ ಆದ ಫೋನ್? ಹೆಚ್ಚಿನ ಆಂಡ್ರಾಯ್ಡ್ ಫೋನುಗಳು ಆಗ ಮೌನ. ಕೊನೆಯದಾಗಿ ಕಂಡ ಜಾಗ ಮತ್ತು ಹೊತ್ತು ಮಾತ್ರ ಸಿಗುತ್ತದೆ. ಗೂಗಲ್ ತಾನೇ ಮಾಡುವ ಪಿಕ್ಸೆಲ್ 8 ಮತ್ತು ಅದರ ನಂತರದ ಬಹುತೇಕ ಪಿಕ್ಸೆಲ್ ಫೋನುಗಳು ಆಫ್ ಆದ ಮೇಲೂ ಕೆಲವು ಗಂಟೆ ಕೂಗಬಲ್ಲವು. ಐಫೋನ್ 11ರಿಂದ ಈಚಿನ ಬಹುತೇಕ ಮಾದರಿಗಳೂ ಹಾಗೆಯೇ. ನಿಮ್ಮ ಮಾವನವರ ಫೋನ್ ಆ ದರ್ಜೆಯದಲ್ಲ ಎಂದುಕೊಳ್ಳುತ್ತೇನೆ. ಆದರೂ ಅಂದು ನಿಮ್ಮ ಕೈಯಲ್ಲಿ ಅರ್ಧ ಗಂಟೆ ಇತ್ತು. ಫೋನ್ ರಿಂಗ್ ಆಗುತ್ತಿತ್ತು. ಡೇಟಾ ಆನ್ ಆಗಿದ್ದಿದ್ದರೆ ನಕ್ಷೆಯಲ್ಲಿ ಬಸ್ಸಿನ ಜೊತೆ ಅದು ಚಲಿಸುವುದು ಕಾಣುತ್ತಿತ್ತು. ಅಲ್ಲಿಂದಲೇ ಲಾಕ್ ಮಾಡಿ, ಪರದೆಯ ಮೇಲೆ ನಿಮ್ಮ ನಂಬರ್ ಮೂಡಿಸಬಹುದಿತ್ತು. ನಿಮ್ಮನ್ನು ದೂರುತ್ತಿಲ್ಲ. ಕೈಕೊಟ್ಟದ್ದು ತಂತ್ರಜ್ಞಾನವಲ್ಲ, ಪಾಸ್‌ವರ್ಡ್ ನಿಮ್ಮ ಬಳಿ ಇರಲಿಲ್ಲ ಅಷ್ಟೆ. ನನ್ನ ಮೇಜಿಗೆ ಬರುವ ಹತ್ತು ‘ಫೋನ್ ಕಳೆದಿದೆ’ಗಳಲ್ಲಿ ಹೆಚ್ಚಿನವು ಇದೇ ಕಥೆ: ಖಾತೆ ಮಾಡಿಕೊಟ್ಟ ಹುಡುಗ ಅಂಗಡಿ ಬಿಟ್ಟಿದ್ದಾನೆ, ಖಾತೆಗೆ ಕೊಟ್ಟ ನಂಬರ್ ಅವನದೇ.

ಈಗ ಅಂಗಡಿಯವರ ಆ್ಯಪ್. ಅದು ಫೋನಿನೊಳಗೆ ಬಾಡಿಗೆಗೆ ಬಂದವನು, ಮನೆಯ ಯಜಮಾನನಲ್ಲ. ಬ್ಲೂಟೂತ್ ಕೂಗಿನ ಆ ಜಾಲ ಅದರ ಕೈಗೆ ಎಟುಕುವುದಿಲ್ಲ. ಇಂಟರ್‌ನೆಟ್ ಹೋದರೆ ಅದೂ ಹೋಯಿತು. ಫೋನಿಗೆ ಲಾಕ್ ಇಲ್ಲದಿದ್ದರೆ ಕಳ್ಳ ಅರ್ಧ ನಿಮಿಷದಲ್ಲಿ ಅದನ್ನು ಅಳಿಸುತ್ತಾನೆ. ಲಾಕ್ ಇದ್ದರೆ ಇಡೀ ಫೋನನ್ನು ರೀಸೆಟ್ ಮಾಡುತ್ತಾನೆ, ಆಗಲೂ ಆ್ಯಪ್ ಮಾಯ. ರೀಸೆಟ್ ಆದ ಮೇಲೂ ಉಳಿಯುವುದು ಗೂಗಲ್‌ನ ಮತ್ತು ಆಪಲ್‌ನ ಬೀಗ ಮಾತ್ರ: ಹಳೆಯ ಖಾತೆಯ ಪಾಸ್‌ವರ್ಡ್ ಅಥವಾ ಹಳೆಯ ಪಿನ್ ಕೊಡದೆ ಫೋನ್ ಮುಂದೆ ಹೋಗುವುದಿಲ್ಲ. ಐಫೋನಿಗೆ ಇದು 2013ರಲ್ಲಿ ಬಂತು, ಆಂಡ್ರಾಯ್ಡ್‌ಗೆ 2015ರಲ್ಲಿ. ಅದನ್ನೂ ಮುರಿದುಕೊಡುವ ಮಹಾನುಭಾವರು ಸಂದಿಗೊಂದಿಗಳಲ್ಲಿ ಇದ್ದಾರೆ ಎಂಬುದನ್ನು ನಮ್ಮ ಕಸುಬಿನವನಾಗಿ ಒಪ್ಪಿಕೊಳ್ಳುತ್ತೇನೆ. ಆದರೂ ಕದ್ದ ಫೋನಿನ ಬೆಲೆ ಇಳಿಯುವುದು ಈ ಬೀಗದಿಂದಲೇ.

ಬ್ಯಾಟರಿಯ ಬಗ್ಗೆ ಕೇಳಿದ್ದೀರಿ. ಆ ಸಣ್ಣ ಬ್ಲೂಟೂತ್ ಕೂಗು ಬಿಟ್ಟರೆ ಫೈಂಡ್ ಹಬ್ ಸುಮ್ಮನೆ ಮಲಗಿರುತ್ತದೆ, ನೀವು ಕೇಳಿದಾಗ ಏಳುತ್ತದೆ. ಅದರ ಖರ್ಚು ಲೆಕ್ಕಕ್ಕಿಲ್ಲ. ದಿನವಿಡೀ ಓಡಾಟದ ಗೆರೆ ಎಳೆಯುವ ಆ್ಯಪ್ ಪದೇ ಪದೇ ಜಿಪಿಎಸ್ ಎಬ್ಬಿಸುತ್ತದೆ, ಬ್ಯಾಟರಿ ನಿಜಕ್ಕೂ ಇಳಿಯುತ್ತದೆ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಶಿಯೋಮಿ, ವಿವೊ, ಒಪ್ಪೊ, ರಿಯಲ್‌ಮಿಯಂತಹ ಫೋನುಗಳು ಬ್ಯಾಟರಿ ಉಳಿಸಲೆಂದು ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳ ಕತ್ತು ಹಿಸುಕುತ್ತವೆ. ಫಲವಾಗಿ ಆ್ಯಪ್ ಬೆಳಗಿನ ಹತ್ತು ಗಂಟೆಯ ಜಾಗವನ್ನೇ ಸಂಜೆಯವರೆಗೂ ತೋರಿಸುತ್ತದೆ. ‘ಅಪ್ಪ ಬೆಳಿಗ್ಗೆಯಿಂದ ಬ್ಯಾಂಕಿನಲ್ಲೇ ಕೂತಿದ್ದಾರೆ’ ಎಂದು ಗಾಬರಿಯಾಗಿ ಓಡಿಬಂದ ಮಗನೊಬ್ಬನಿಗೆ, ಅವರು ಮನೆಯಲ್ಲಿ ಊಟ ಮಾಡಿ ಮಲಗಿರುವುದನ್ನು ಲ್ಯಾಂಡ್‌ಲೈನಿಗೆ ಕರೆ ಮಾಡಿ ತಿಳಿಸಿದವನು ನಾನೇ.

ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬ ನಿಮ್ಮ ಭಯಕ್ಕೆ ಆಧಾರವಿದೆ. ಅಮೆರಿಕದ ಲೈಫ್360 ಕುಟುಂಬಗಳಿಗೆಂದೇ ಮಾಡಿದ, ಕೋಟಿಗಟ್ಟಲೆ ಜನ ಬಳಸುವ, ಬಚ್ಚಿಟ್ಟುಕೊಳ್ಳದ ಆ್ಯಪ್. ಅಪಘಾತವಾದರೆ ಎಚ್ಚರಿಕೆ, ಮಕ್ಕಳು ಶಾಲೆ ತಲುಪಿದರೆ ಸಂದೇಶ ಎಂಬಂತಹ ಒಳ್ಳೆಯ ಅನುಕೂಲಗಳೂ ಅದರಲ್ಲಿವೆ. ಆದರೆ ಅದು ಬಳಕೆದಾರರ ಓಡಾಟದ ಮಾಹಿತಿಯನ್ನು ದತ್ತಾಂಶ ವ್ಯಾಪಾರಿಗಳಿಗೆ ಮಾರುತ್ತಿದೆ ಎಂದು 2021ರ ಡಿಸೆಂಬರಿನಲ್ಲಿ ದಿ ಮಾರ್ಕಪ್ ಎಂಬ ಸುದ್ದಿಸಂಸ್ಥೆ ಬಯಲಿಗೆಳೆಯಿತು. ಮುಂದಿನ ತಿಂಗಳು ಕಂಪನಿ ನಿಖರ ಜಾಗದ ಮಾಹಿತಿಯ ಮಾರಾಟವನ್ನು ಬಹುಮಟ್ಟಿಗೆ ನಿಲ್ಲಿಸುವುದಾಗಿ ಹೇಳಿತು. ಹೆಸರುವಾಸಿಯಾದ ಕಂಪನಿಯ ಕಥೆಯೇ ಹೀಗಿದ್ದರೆ, ಯಾರು ನಡೆಸುತ್ತಾರೆ, ಸರ್ವರ್ ಎಲ್ಲಿದೆ ಎಂದು ಗೊತ್ತಿಲ್ಲದ ಆ್ಯಪ್ ಏನು ಮಾಡೀತು ಎಂದು ನೀವೇ ಊಹಿಸಿ. ಗೂಗಲ್, ಆಪಲ್ ಸಾಚಾ ಎಂದು ನಾನು ಪ್ರಮಾಣ ಮಾಡುತ್ತಿಲ್ಲ. ಆಂಡ್ರಾಯ್ಡ್ ಬಳಸುವವರ ಬಗ್ಗೆ ಗೂಗಲ್‌ಗೆ ಬೇಕಾದಷ್ಟು ಗೊತ್ತಿದೆ. ಆದರೆ ಅವರನ್ನು ಈಗಾಗಲೇ ಮನೆಯೊಳಗೆ ಬಿಟ್ಟುಕೊಂಡಾಗಿದೆ. ಇನ್ನೊಬ್ಬ ಅಪರಿಚಿತನಿಗೆ ಕೀಲಿ ಕೊಡುವುದು ಬೇಕೆ ಎನ್ನುವುದಷ್ಟೇ ಪ್ರಶ್ನೆ.

ನಿಮ್ಮ ಮನೆಯವರು ಹೇಳುತ್ತಿರುವ ‘ಗೊತ್ತಾಗದಂತೆ’ ಹಾಕುವ ಆ್ಯಪ್‌ಗಳ ಜಾತಿಯೇ ಬೇರೆ. ಅವು ಪ್ಲೇ ಸ್ಟೋರಿನಲ್ಲಿ ಸಿಗುವುದಿಲ್ಲ. ನಿಗಾ ಇಡುವ ಆ್ಯಪ್ ಬಚ್ಚಿಟ್ಟುಕೊಳ್ಳಬಾರದು, ತಾನು ಕೆಲಸ ಮಾಡುತ್ತಿರುವುದನ್ನು ಪರದೆಯ ಮೇಲೆ ತೋರಿಸುತ್ತಿರಬೇಕು ಎಂಬುದು ಗೂಗಲ್‌ನ ನಿಯಮ. ಆದ್ದರಿಂದ ಇವನ್ನು ಹೊರಗಿನ ಕೊಂಡಿಯಿಂದ ಇಳಿಸಿಕೊಳ್ಳಿ, ಕೆಟ್ಟ ಆ್ಯಪ್‌ಗಳನ್ನು ತಡೆಯುವ ಗೂಗಲ್‌ನ ಕಾವಲು ‘ಪ್ಲೇ ಪ್ರೊಟೆಕ್ಟ್’ ಆಫ್ ಮಾಡಿ, ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಕೊಡಿ ಎನ್ನುತ್ತಾರೆ. ಈ ಕೊನೆಯ ಅನುಮತಿ ಅಂಧರಿಗೆ ಪರದೆ ಓದಿ ಹೇಳಲೆಂದು ಮಾಡಿದ್ದು. ಅದು ಸಿಕ್ಕ ಆ್ಯಪ್ ಪರದೆಯ ಮೇಲೆ ಬರುವುದನ್ನು, ಒಟಿಪಿಯನ್ನು ಕೂಡ, ಓದಬಲ್ಲದು. ಮಗಳ ರಕ್ಷಣೆಗೆಂದು ಹಾಕಿದ್ದು ಮಗಳ ಬ್ಯಾಂಕ್ ಖಾತೆಯ ಬಾಗಿಲು ತೆರೆದಿಡುತ್ತದೆ. ಮುಂದೆ ಏನಾಗುತ್ತದೆ ಎಂಬುದಕ್ಕೂ ದಾಖಲೆಗಳಿವೆ. ಇಂತಹ ಆ್ಯಪ್ ಮಾರುತ್ತಿದ್ದ ಸ್ಪೈಫೋನ್ ಕಂಪನಿಯನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2021ರಲ್ಲಿ ಈ ವ್ಯವಹಾರದಿಂದಲೇ ಹೊರಹಾಕಿತು. ಪೋಲೆಂಡಿನ ಲೆಟ್‌ಮಿಸ್ಪೈ 2023ರಲ್ಲಿ ಹ್ಯಾಕ್ ಆಗಿ, ಕದ್ದು ನೋಡಲಾದವರ ಸಂದೇಶಗಳು, ಕರೆಗಳ ಪಟ್ಟಿ, ಓಡಾಟದ ಜಾಡು ಎಲ್ಲ ಸೋರಿತು. ಆ ವರ್ಷವೇ ಅಂಗಡಿ ಮುಚ್ಚಿತು. ಎಂಸ್ಪೈ ಎಂಬುದರ ದತ್ತಾಂಶ ಒಂದಕ್ಕಿಂತ ಹೆಚ್ಚು ಸಲ ಸೋರಿದೆ. ಅಂದರೆ ಇಲ್ಲಿ ಮಗಳು ಎಲ್ಲಿದ್ದಾಳೆ ಎಂಬುದು ತಂದೆಗೆ ತಿಳಿಯುವ ಜೊತೆಗೆ, ಯಾರಿಗೆ ತಿಳಿಯಬಾರದೋ ಅವರಿಗೂ ತಿಳಿಯುತ್ತದೆ.

ಕಾನೂನಿನ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. ಮಗಳಿಗೆ 19, ಅವಳು ವಯಸ್ಕಳು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು, ಆ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ನನಗೆ ಕಾನೂನಿಗಿಂತ ಬೇರೊಂದು ಚಿಂತೆ. ಎಂಜಿನಿಯರಿಂಗ್ ಓದುವ ಹುಡುಗಿಗೆ ಬ್ಯಾಟರಿ ಯಾಕೆ ಬೇಗ ಇಳಿಯುತ್ತಿದೆ ಎಂದು ಹುಡುಕಲು ಹತ್ತು ನಿಮಿಷ ಸಾಕು. ಪತ್ತೆ ಹಚ್ಚಿದ ಮೇಲೆ ಅವಳು ಜಗಳವಾಡುವುದಿಲ್ಲ. ಫೋನನ್ನು ಹಾಸ್ಟೆಲಿನ ಮಂಚದ ಮೇಲೆ ಬಿಟ್ಟು ಹೊರಗೆ ಹೋಗುತ್ತಾಳೆ. ನಿಮ್ಮ ನಕ್ಷೆಯಲ್ಲಿ ಅವಳು ಹಾಸ್ಟೆಲಿನಲ್ಲೇ ಇರುತ್ತಾಳೆ, ತೊಂದರೆಯಾದ ದಿನ ಕರೆ ಮಾಡಲು ಕೈಯಲ್ಲಿ ಫೋನ್ ಇರುವುದಿಲ್ಲ. ಇಂತಹ ಎರಡು ಮೂರು ಮನೆಗಳನ್ನು ನಾನು ನೋಡಿದ್ದೇನೆ.

ಬಹಿರಂಗವಾಗಿ ಮಾಡುವ ದಾರಿಗಳು ಬೇಕಾದಷ್ಟಿವೆ. ರಾತ್ರಿ ಬಸ್ಸಿನಲ್ಲಿ ಊರಿಗೆ ಬರುವಾಗ ವಾಟ್ಸ್‌ಆ್ಯಪ್‌ನ ‘ಲೈವ್ ಲೊಕೇಶನ್’ ಕಳುಹಿಸು ಎಂದು ಕೇಳಿ. ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂದು ಅವಧಿ ಆರಿಸಬಹುದು. ಎಂಟು ಗಂಟೆಗೆ ಇಟ್ಟರೆ ಮೈಸೂರಿನಿಂದ ನಿಮ್ಮ ಊರಿನವರೆಗೂ ಸಾಕು. ಅವಧಿ ಮುಗಿದರೆ ತಾನೇ ನಿಲ್ಲುತ್ತದೆ. ಅವಳಿಗೆ ಒಪ್ಪಿಗೆಯಿದ್ದರೆ ಗೂಗಲ್ ಮ್ಯಾಪ್ಸ್‌ನಲ್ಲಿ ‘ನಾನು ನಿಲ್ಲಿಸುವವರೆಗೆ’ ಎಂದೂ ಹಂಚಿಕೊಳ್ಳಬಹುದು. ಒಂದು ಕಿವಿಮಾತು: ನಿಮ್ಮ ಲೊಕೇಶನನ್ನೂ ಅವಳೊಂದಿಗೆ ಹಂಚಿಕೊಳ್ಳಿ. ಒಂದು ಕಡೆಯ ಕಣ್ಣು ಮಕ್ಕಳಿಗೆ ಕಾವಲಾಗಿ ಕಾಣುತ್ತದೆ. ಎರಡು ಕಡೆಯೂ ಇದ್ದರೆ, ಅಮ್ಮ ಶಾಲೆ ಬಿಟ್ಟಳೇ, ಈಗ ಕರೆ ಮಾಡಬಹುದೇ ಎಂದು ಅವಳೂ ನೋಡುತ್ತಾಳೆ. ಅವಳು ಬೇಡವೆಂದರೆ ಬೇಡ. ರಾತ್ರಿ ಪ್ರಯಾಣಕ್ಕೆ ಮಾತ್ರ ಒಪ್ಪಿಸಿ, ಅಷ್ಟೇ ಸಾಕು.

ಮಾವನವರ ವಿಷಯ ಇದಕ್ಕಿಂತ ಸೂಕ್ಷ್ಮ. ದಾರಿ ಮರೆಯುವುದು ಒಮ್ಮೊಮ್ಮೆಯಾದರೂ ಮೊದಲು ವೈದ್ಯರಿಗೆ ತೋರಿಸಿ, ಅದು ಫೋನ್ ರಿಪೇರಿಯವನು ಉತ್ತರಿಸುವ ಪ್ರಶ್ನೆಯಲ್ಲ. ನನ್ನ ಪಾಲಿನದು ಇಷ್ಟು. ಅವರನ್ನು ಕೂರಿಸಿಕೊಂಡು, ‘ನೀವು ಎಲ್ಲಿದ್ದೀರೆಂದು ನನ್ನ ಫೋನಿನಲ್ಲಿ ಕಾಣುವಂತೆ ಮಾಡಲೇ?’ ಎಂದು ಕೇಳಿ, ಒಪ್ಪಿದರೆ ಗೂಗಲ್ ಮ್ಯಾಪ್ಸ್‌ನ ಹಂಚಿಕೆಯನ್ನು ಆನ್ ಮಾಡಿಡಿ. ಅವರ ಫೋನಿನ ಚಾರ್ಜ್ ಎಷ್ಟಿದೆ ಎಂಬುದೂ ಅದರಲ್ಲಿ ಕಾಣುತ್ತದೆ, ಈ ವಯಸ್ಸಿನವರ ಮಟ್ಟಿಗೆ ಅದು ದೊಡ್ಡ ಉಪಕಾರ. ಫೋನಿನ ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಮ್ಯಾಪ್ಸ್‌ಗೆ ನಿರ್ಬಂಧ ಬೇಡ ಎಂದು ಗುರುತು ಮಾಡಿ, ಲೊಕೇಶನ್ ಅನುಮತಿಯನ್ನು ‘ಎಲ್ಲ ಸಮಯದಲ್ಲೂ’ ಎಂದು ಇಡಿ. ಇದನ್ನು ಮಾಡದೆ ಬಿಟ್ಟರೆ ಬ್ಯಾಂಕಿನ ಕಥೆ ನಿಮ್ಮ ಮನೆಯಲ್ಲೂ ನಡೆಯುತ್ತದೆ.

ಆದರೆ ಮರೆವಿರುವವರು ಮೊದಲು ಮರೆಯುವುದು ಫೋನನ್ನೇ. ಟೀಪಾಯಿಯ ಮೇಲೆ ಫೋನ್, ಬೀದಿಯಲ್ಲಿ ಮಾವನವರು. ಇದಕ್ಕೆಂದು ಬ್ಲೂಟೂತ್ ಟ್ಯಾಗುಗಳನ್ನು ಕೊಳ್ಳುವವರಿದ್ದಾರೆ. ಆಪಲ್‌ನ ಏರ್‌ಟ್ಯಾಗ್ ನಿಮ್ಮ ಆಂಡ್ರಾಯ್ಡ್‌ಗೆ ಹೊಂದುವುದಿಲ್ಲ. ಗೂಗಲ್ ಜಾಲಕ್ಕೆ ಹೊಂದುವ ಜಿಯೊಟ್ಯಾಗ್ ಗೋ ತರಹದವು ಸಿಗುತ್ತವೆ. ಕೀಲಿಗೊಂಚಲಿಗೆ ಕಟ್ಟಿ ಜೇಬಿನಲ್ಲಿಟ್ಟರೆ ತಪ್ಪಿಲ್ಲ. ಆದರೆ ಇವು ವಸ್ತುಗಳಿಗೆ ಮಾಡಿದವು. ಇವುಗಳೊಳಗೆ ಜಿಪಿಎಸ್ ಇಲ್ಲ, ಸಿಮ್ ಇಲ್ಲ, ಹಾದುಹೋಗುವವರ ಫೋನಿನ ದಯೆಯ ಮೇಲೆ ಬದುಕುತ್ತವೆ. ಊರಾಚೆಯ ರಸ್ತೆಯಲ್ಲಿ ಗಂಟೆಗಟ್ಟಲೆ ಸುಮ್ಮನಿದ್ದುಬಿಡಬಹುದು. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಹತ್ತು ಪೈಸೆಯ ಕೆಲಸ: ಒಂದು ಚೀಟಿಯಲ್ಲಿ ಅವರ ಹೆಸರು ಮತ್ತು ನಿಮ್ಮಿಬ್ಬರ ನಂಬರ್ ಬರೆದು, ಲ್ಯಾಮಿನೇಟ್ ಮಾಡಿಸಿ, ಅಂಗಿಯ ಜೇಬಿಗೆ ಹಾಕಿ. ಬೀದಿಯಲ್ಲಿ ದಿಕ್ಕು ತೋಚದೆ ನಿಂತ ಹಿರಿಯರನ್ನು ಕಂಡ ಕಿರಾಣಿ ಅಂಗಡಿಯವನು ಅವರ ಜೇಬು ನೋಡುತ್ತಾನೆ, ಬ್ಲೂಟೂತ್ ನೋಡುವುದಿಲ್ಲ. ತುಂಬ ಹೊತ್ತು ಸಿಗದಿದ್ದರೆ ನಕ್ಷೆಯನ್ನು ನೆಚ್ಚಿ ಕೂರದೆ 112ಕ್ಕೆ ಕರೆ ಮಾಡಿ.

ಹೊಸ ಫೋನನ್ನು ಈ ಭಾನುವಾರ ಸಿದ್ಧ ಮಾಡಿ. ಅಂಗಡಿಯವರು ಹಾಕಿಕೊಟ್ಟ ಖಾತೆ ಬೇಡ. ಮಾವನವರ ನಂಬರಿನ ಮೇಲೆ ಹೊಸ ಗೂಗಲ್ ಖಾತೆ ತೆರೆದು, ಖಾತೆ ಮರಳಿ ಪಡೆಯಲು ಬಳಸುವ ನಂಬರನ್ನು ನಿಮ್ಮದು ಮಾಡಿ. ಪಾಸ್‌ವರ್ಡನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಬರೆದಿಡಬೇಡಿ ಎಂದು ಉಪದೇಶಿಸುವವರು ಉಪದೇಶಿಸಲಿ. ಬೀರುವಿನೊಳಗಿನ ಪುಸ್ತಕ ಕದಿಯಲು ರಷ್ಯಾದ ಹ್ಯಾಕರ್ ದಾವಣಗೆರೆಗೆ ಬರುವುದಿಲ್ಲ. ಫೋನಿಗೆ ಪಿನ್ ಇಡಿ. ಪಿನ್ ಮರೆಯುತ್ತಾರೆಂದು ಹಿರಿಯರ ಫೋನನ್ನು ಲಾಕ್ ಇಲ್ಲದೆ ಬಿಡುವುದು ನಮ್ಮಲ್ಲಿ ಮಾಮೂಲು, ಆದರೆ ಲಾಕ್ ಇಲ್ಲದ ಫೋನಿಗೆ ಆ ಬ್ಲೂಟೂತ್ ಕೂಗಿನ ಸೌಲಭ್ಯವೂ ಸಿಗುವುದಿಲ್ಲ. ಬೆರಳಚ್ಚು ಹಾಕಿಸಿದರೆ ದಿನನಿತ್ಯ ಪಿನ್ ಕೇಳುವ ಗೋಜು ಕಡಿಮೆ. ಸೆಟ್ಟಿಂಗ್ಸ್‌ನ ಗೂಗಲ್ ವಿಭಾಗದಲ್ಲಿ ಫೈಂಡ್ ಹಬ್ ಆನ್ ಇದೆಯೇ ನೋಡಿ, ಅಲ್ಲಿಯೇ ಹತ್ತಿರ ಇರುವ ಕಳ್ಳತನ ರಕ್ಷಣೆಯ ಆಯ್ಕೆಗಳನ್ನೂ ಆನ್ ಮಾಡಿ. ಯಾರಾದರೂ ಫೋನ್ ಕಸಿದುಕೊಂಡು ಓಡಿದಂತೆ ಅನಿಸಿದರೆ ತಾನೇ ಲಾಕ್ ಆಗುವ ಸೌಲಭ್ಯ 2024ರ ಕೊನೆಯಿಂದ ಆಂಡ್ರಾಯ್ಡ್ 10 ಮತ್ತು ಅದಕ್ಕಿಂತ ಹೊಸ ಫೋನುಗಳಿಗೆ ಬಂದಿದೆ.

ಇನ್ನೊಂದು ಗುಂಡಿಯಿದೆ, ಬಲ್ಲವರೂ ಬೀಳುವಂಥದ್ದು. ಖಾತೆಗೆ ಎರಡು ಹಂತದ ಪರಿಶೀಲನೆ ಇದ್ದರೆ, ಕಳೆದ ಫೋನನ್ನು ಹುಡುಕಲು ಬೇರೆ ಕಡೆಯಿಂದ ಲಾಗಿನ್ ಆಗುವಾಗ ಕೋಡ್ ಎಲ್ಲಿಗೆ ಬರುತ್ತದೆ? ಕಳೆದ ಫೋನಿಗೇ. ಇದಕ್ಕೆಂದು ಗೂಗಲ್ ಖಾತೆಯಲ್ಲಿ ‘ಬ್ಯಾಕಪ್ ಕೋಡ್’ಗಳು ಸಿಗುತ್ತವೆ. ಎಂಟಂಕಿಯ ಹತ್ತು ಸಂಖ್ಯೆಗಳು, ಒಂದೊಂದೂ ಒಂದು ಸಲಕ್ಕೆ. ಅವನ್ನೂ ಅದೇ ಲೆಕ್ಕದ ಪುಸ್ತಕಕ್ಕೆ ಬರೆದುಕೊಳ್ಳಿ. ಎಲ್ಲ ಮುಗಿದ ಮೇಲೆ ಫೋನನ್ನು ಸೈಲೆಂಟ್‌ನಲ್ಲಿಟ್ಟು ಅಡುಗೆಮನೆಯ ಯಾವುದೋ ಡಬ್ಬಿಯ ಹಿಂದೆ ಅಡಗಿಸಿ, ನಿಮ್ಮ ಫೋನಿನ ಫೈಂಡ್ ಹಬ್‌ನಲ್ಲಿ ಅತಿಥಿಯಾಗಿ ಅವರ ಖಾತೆಗೆ ಲಾಗಿನ್ ಆಗಿ ರಿಂಗ್ ಮಾಡಿಸಿ. ಸೈಲೆಂಟ್‌ನಲ್ಲಿದ್ದರೂ ಅದು ಐದು ನಿಮಿಷ ಬಡಿದುಕೊಳ್ಳುತ್ತದೆ. ಒಮ್ಮೆ ಹೀಗೆ ಮಾಡಿ ನೋಡಿದವರು ಗಾಬರಿಯ ದಿನ ತಡಕಾಡುವುದಿಲ್ಲ.

ಹಳೆಯ ಫೋನನ್ನು ಕೈಬಿಡಬೇಡಿ. ಇನ್ನೂ ದೂರು ಕೊಟ್ಟಿಲ್ಲವಾದರೆ ಠಾಣೆಯಲ್ಲಾಗಲಿ, ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಾಗಲಿ ದಾಖಲಿಸಿ. ಆ ಪ್ರತಿ, ಗುರುತಿನ ಚೀಟಿ, ಫೋನಿನ ಡಬ್ಬಿಯ ಮೇಲೋ ಬಿಲ್ಲಿನಲ್ಲೋ ಇರುವ 15 ಅಂಕಿಯ ಐಎಂಇಐ ಸಂಖ್ಯೆ ಹಿಡಿದು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಅರ್ಜಿ ಹಾಕಿ. ಎರಡು ಸಿಮ್ಮಿನ ಫೋನಾದರೆ ಎರಡು ಐಎಂಇಐ, ಎರಡನ್ನೂ ಕೊಡಿ. ಒಟಿಪಿ ಬರಲು ಅದೇ ನಂಬರಿನ ಬದಲಿ ಸಿಮ್, ಅಂದರೆ ಕಂಪನಿಯಿಂದ ಮತ್ತೆ ಪಡೆದದ್ದು, ಮೊದಲೇ ಚಾಲೂ ಆಗಿರಲಿ. 2023ರ ಮೇ ತಿಂಗಳಲ್ಲಿ ದೇಶಾದ್ಯಂತ ಆರಂಭವಾದ ಈ ವ್ಯವಸ್ಥೆ ಅರ್ಜಿ ಸಲ್ಲಿಸಿದ 24 ಗಂಟೆಗಳೊಳಗೆ ಫೋನನ್ನು ತಡೆಹಿಡಿಯುತ್ತದೆ. ಬೇರೆ ಯಾರ ಸಿಮ್ ಹಾಕಿದರೂ ನಮ್ಮ ದೇಶದಲ್ಲಿ ಅದು ನಡೆಯುವುದಿಲ್ಲ, ಹಾಕಿದವರ ಸುಳಿವು ಪೊಲೀಸರಿಗೆ ಹೋಗುತ್ತದೆ. ನಿಮಗೆ ನಕ್ಷೆ ಕಾಣುವುದಿಲ್ಲ, ನಿಜ. ಆದರೆ ತಿಂಗಳುಗಳ ನಂತರ ಠಾಣೆಯಿಂದ ಕರೆ ಬಂದು ಫೋನ್ ಮರಳಿ ಪಡೆದವರನ್ನು ಬಲ್ಲೆ. ಹಾಗೆ ಸಿಕ್ಕಾಗ ಅದೇ ಪೋರ್ಟಲಿನಲ್ಲಿ ತಡೆ ತೆಗೆಸುವುದನ್ನು ಮರೆಯಬೇಡಿ. ಹಳೆಯ ಖಾತೆಯ ಪಾಸ್‌ವರ್ಡ್ ಹೇಗಾದರೂ ಮರಳಿ ಸಿಕ್ಕರೆ ಪಾಸ್‌ವರ್ಡ್ ಬದಲಿಸಿ, ಫೋನನ್ನು ‘ಕಳೆದಿದೆ’ ಎಂದು ಗುರುತಿಸಿ. ಖಾತೆಯ ಸಾಧನಗಳ ಪಟ್ಟಿಯಿಂದ ಮಾತ್ರ ಅದನ್ನು ಅವಸರದಲ್ಲಿ ತೆಗೆಯಬೇಡಿ. ತೆಗೆದರೆ ಹುಡುಕುವ ದಾರಿಯೂ ಮುಚ್ಚುತ್ತದೆ. ನಕ್ಷೆಯಲ್ಲಿ ಎಲ್ಲಾದರೂ ಚುಕ್ಕೆ ಮೂಡಿದರೆ ನಿಮ್ಮ ಮನೆಯವರು ಒಬ್ಬರೇ ಅಲ್ಲಿಗೆ ಹೋಗಕೂಡದು. ಚುಕ್ಕೆಯ ಸುತ್ತಲಿನ ವೃತ್ತದೊಳಗೆ ಹತ್ತು ಮನೆ ಇರಬಹುದು, ತಪ್ಪು ಬಾಗಿಲು ಬಡಿದರೆ ಒಂದು ಫಜೀತಿ, ಸರಿಯಾದ ಬಾಗಿಲು ಬಡಿದರೆ ಇನ್ನೊಂದು. ಪರದೆಯ ಚಿತ್ರ ತೆಗೆದು ಠಾಣೆಗೆ ಕೊಡಿ.

ಇನ್ನು ಕೆಲವು ವಾರಗಳಲ್ಲಿ ನಿಮ್ಮ ನಂಬರಿಗೆ ‘ನಿಮ್ಮ ಕಳೆದ ಫೋನ್ ಪತ್ತೆಯಾಗಿದೆ, ನೋಡಲು ಇಲ್ಲಿ ಒತ್ತಿ’ ಎಂಬ ಸಂದೇಶ ಬರಬಹುದು. ಗೂಗಲ್ ಅಥವಾ ಆಪಲ್‌ನದೇ ಎಂಬಂತೆ ಕಾಣುವ ಪುಟ ತೆರೆದು ಪಾಸ್‌ವರ್ಡ್, ಪಿನ್ ಕೇಳುತ್ತದೆ. ಅದನ್ನು ಕಳುಹಿಸುವುದು ನಿಮ್ಮ ಫೋನ್ ಕೈಯಲ್ಲಿ ಹಿಡಿದು, ಬೀಗ ತೆರೆಯಲಾಗದೆ ಕುಳಿತವನು. ಕೊಂಡಿಯನ್ನು ಒತ್ತಬೇಡಿ, ಸಂದೇಶ ಬಂದ ನಂಬರನ್ನು ಬರೆದುಕೊಂಡು ದೂರು ಕೊಟ್ಟ ಠಾಣೆಗೆ ತಿಳಿಸಿ.